ಬೆಳ್ಳಿತೆರೆಯ ಯುದ್ಧವಿಮಾನಗಳು: ಯಾವುದು ನಿಜ, ಯಾವುದು ವೇಷ?

ವಿಮಾನಯುದ್ಧದ ಚಲಚ್ಚಿತ್ರವೆಂದರೆ ಇಂಗ್ಲಿಷು ಪೂರ್ತಿ ತಿಳಿಯದವರೂ ಕೊನೆಯವರೆಗೆ ಕುಳಿತು ನೋಡುವುದುಂಟು. ಮಾತು ತಿಳಿಯದಿದ್ದರೇನು, ಯಂತ್ರದ ಆರ್ಭಟ ಎಲ್ಲರಿಗೂ ತಿಳಿಯುತ್ತದೆ. ನೋಡಿ ಬಂದವರು “ಯುದ್ಧದಲ್ಲಿ ಹೀಗೇ ನಡೆಯಿತಂತೆ” ಎಂದು ನಾಲ್ಕು ಜನರಿಗೆ ಹೇಳುತ್ತಾರೆ. ಕೇಳಿದವರು ಅದನ್ನೇ ಇತಿಹಾಸವೆಂದು ನಂಬುತ್ತಾರೆ. ಎರಡನೆಯ ಮಹಾಯುದ್ಧ ಮುಗಿದದ್ದು 1945ರಲ್ಲಿ. ಅದನ್ನು ಕಣ್ಣಾರೆ ಕಂಡವರು ಈಗ ತೀರ ವಿರಳ. ಆದುದರಿಂದ ಆ ಕಾಲದ ವಿಮಾನ ಹೇಗಿತ್ತು, ಬಾಂಬು ಹೇಗಿತ್ತು ಎಂಬುದನ್ನು ನಮ್ಮಲ್ಲಿ ಬಹುಮಂದಿಗೆ ಕಲಿಸಿದ ಗುರು ಸಿನಿಮಾವೇ. ಈ ಗುರು ಎಲ್ಲಿ ಸರಿ ಹೇಳಿದ್ದಾನೆ, ಎಲ್ಲಿ ತಪ್ಪಿದ್ದಾನೆ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ತಪ್ಪುಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ಸರ್ಕಾರದ ಗುಟ್ಟಿನಿಂದ ಆದುವು. ಕೆಲವು ನಿಜವಾದ ವಿಮಾನ ಸಿಕ್ಕದೆ ಆದುವು. ಇನ್ನು ಕೆಲವು ಕಥೆಯ ಅಂದಕ್ಕಾಗಿ ಬೇಕೆಂದೇ ಮಾಡಿದವು. ಮೊದಲ ಎರಡನ್ನು ಕ್ಷಮಿಸಬಹುದು. ಮೂರನೆಯದರಲ್ಲಿ ಎಚ್ಚರಿಕೆ ಬೇಕು. ಅಲ್ಲಿ ಯಾರು ದುಡಿದರು, ಯಾರು ಸತ್ತರು ಎಂಬ ಲೆಕ್ಕವೇ ತಪ್ಪಿಹೋಗುತ್ತದೆ. ಪ್ರಸಿದ್ಧವಾದ ಕೆಲವು ಚಿತ್ರಗಳಿಂದ ಇದನ್ನು ನೋಡೋಣ.

ಗುಟ್ಟಿನ ಬಾಂಬು

1955ರಲ್ಲಿ ‘ದಿ ಡ್ಯಾಮ್ ಬಸ್ಟರ್ಸ್’ ಎಂಬ ಬ್ರಿಟಿಷ್ ಚಿತ್ರ ಹೊರಬಂದಿತು. ಅದರ ನಿರ್ದೇಶಕ ಮೈಕೆಲ್ ಆಂಡರ್ಸನ್. ಕಥೆ ನಡೆದ ಸಂಗತಿಯೇ. 1943ರ ಮೇ 16ರ ರಾತ್ರಿ ಬ್ರಿಟಿಷ್ ವಾಯುಪಡೆಯ 617ನೆಯ ಸ್ಕ್ವಾಡ್ರನ್ನಿನ 19 ಲ್ಯಾಂಕಾಸ್ಟರ್ ವಿಮಾನಗಳು ಜರ್ಮನಿಯ ದೊಡ್ಡ ಅಣೆಕಟ್ಟುಗಳನ್ನು ಒಡೆಯಲು ಹೊರಟವು. ಅವುಗಳ ಮುಂದಾಳು ಗೈ ಗಿಬ್ಸನ್. ಬಾಂಬನ್ನು ಕಲ್ಪಿಸಿದವರು ಬಾರ್ನ್ಸ್ ವಾಲಿಸ್ ಎಂಬ ಎಂಜಿನಿಯರು.

ಅಣೆಕಟ್ಟಿನ ಗೋಡೆ ಬಲು ದಪ್ಪ. ಎತ್ತರದಿಂದ ಹಾಕಿದ ಬಾಂಬು ಗುರಿ ತಪ್ಪುತ್ತದೆ. ನೀರೊಳಗೆ ಟಾರ್ಪೆಡೊ ಬಿಡೋಣವೆಂದರೆ ಅಡ್ಡಲಾಗಿ ಉಕ್ಕಿನ ಬಲೆ ಕಟ್ಟಿದ್ದಾರೆ. ಗೋಡೆಗೆ ಒತ್ತಿಕೊಂಡು, ನೀರಿನ ಆಳದಲ್ಲಿ ಸಿಡಿದರೆ ಮಾತ್ರ ಕೆಲಸವಾಗುತ್ತದೆ. ಸುತ್ತಲಿನ ನೀರಿನ ಭಾರವೇ ಸ್ಫೋಟದ ಬಲವನ್ನು ಗೋಡೆಯ ಕಡೆಗೆ ನೂಕುತ್ತದೆ. ಊರ ಕೆರೆಯಲ್ಲಿ ನಾವು ಚಿಕ್ಕವರಾಗಿದ್ದಾಗ ಚಪ್ಪಟೆ ಕಲ್ಲನ್ನು ಓರೆಯಾಗಿ ಬೀಸಿ ನೀರ ಮೇಲೆ ಕುಪ್ಪಳಿಸುತ್ತಿದ್ದೆವಲ್ಲ, ವಾಲಿಸ್ ಹಿಡಿದ ದಾರಿ ಅದೇ. ಬಾಂಬು ಬಲೆಗಳನ್ನು ಹಾರಿ, ಗೋಡೆಗೆ ತಾಕಿ, ಅದರ ಮಗ್ಗುಲಲ್ಲೇ ಮುಳುಗಿ, 30 ಅಡಿ ಆಳದಲ್ಲಿ ಸಿಡಿಯಬೇಕು.

ಈ ಬಾಂಬಿನ ಆಕಾರ ಎಣ್ಣೆಯ ಪೀಪಾಯಿಯದು. ಉದ್ದ 5 ಅಡಿ, ಅಡ್ಡಗಲ 4 ಅಡಿಗೆ ಸ್ವಲ್ಪ ಮೇಲೆ, ತೂಕ 9,000 ಪೌಂಡಿಗೂ ಹೆಚ್ಚು. ವಿಮಾನದ ಹೊಟ್ಟೆಯ ಕೆಳಗೆ ಎರಡು ತೋಳುಗಳ ನಡುವೆ ಅದನ್ನು ಅಡ್ಡಲಾಗಿ ಹಿಡಿಸಿದ್ದರು. ಬಿಡುವ ಮೊದಲೇ ಅದು ನಿಮಿಷಕ್ಕೆ 500 ಸುತ್ತಿನಂತೆ ಹಿಮ್ಮುಖವಾಗಿ ತಿರುಗುತ್ತಿರಬೇಕು. ಗಿರಣಿಯಲ್ಲಿ ಮೋಟಾರು ಪಟ್ಟಾದ ಮೂಲಕ ಗಾಲಿಯನ್ನು ತಿರುಗಿಸುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಮಾನದಲ್ಲಿಯೂ ಒಂದು ಮೋಟಾರು, ಒಂದು ಪಟ್ಟಾ, ಇಷ್ಟೇ. ಹಿಮ್ಮುಖದ ಈ ತಿರುಗು ಇಲ್ಲದಿದ್ದರೆ ಬಾಂಬು ಗೋಡೆಗೆ ಬಡಿದು ಹಿಂದಕ್ಕೆ ಸಿಡಿಯುತ್ತಿತ್ತು. ತಿರುಗು ಇದ್ದುದರಿಂದ ಅದು ಗೋಡೆಯನ್ನು ಬಿಡದೆ ಕೆಳಕ್ಕೆ ಇಳಿಯುತ್ತಿತ್ತು. ಇಡೀ ಉಪಾಯದ ಜೀವಾಳ ಇದು.

ಚಿತ್ರದಲ್ಲಿ ಈ ಜೀವಾಳವೇ ಇಲ್ಲ. ತೆರೆಯ ಮೇಲಿನ ಬಾಂಬು ಹೆಚ್ಚುಕಡಿಮೆ ಚೆಂಡಿನಂತೆ ಗುಂಡಗಿದೆ. ತಿರುಗುವ ಮಾತೇ ಬರುವುದಿಲ್ಲ. ಚಿತ್ರ ತಯಾರಿಸಿದವರ ಅಜ್ಞಾನ ಇದಕ್ಕೆ ಕಾರಣವಲ್ಲ. 1955ರಲ್ಲಿ ಆ ಬಾಂಬಿನ ವಿವರ ಇನ್ನೂ ಸರ್ಕಾರದ ಗುಟ್ಟು. ಯುದ್ಧಕಾಲದ ನಿಜವಾದ ಪರೀಕ್ಷೆಯ ಫಿಲ್ಮನ್ನು ಚಿತ್ರದಲ್ಲಿ ಸೇರಿಸಿದಾಗಲೂ ಬಾಂಬಿರುವ ಜಾಗಕ್ಕೆ ಕಪ್ಪು ಬಳಿದು ಮರೆಮಾಡಿದರು. ಗುಟ್ಟು ಹೊರಬಿದ್ದದ್ದು 1960ರ ದಶಕದ ಮೊದಲ ವರ್ಷಗಳಲ್ಲಿ.

ಇದರಲ್ಲಿ ಒಂದು ವಿನೋದವಿದೆ. ದಾಳಿಯ ರಾತ್ರಿಯೇ ಒಂದು ಲ್ಯಾಂಕಾಸ್ಟರ್ ಹಾಲ್ಡರ್ನ್ ಎಂಬ ಊರಿನ ಬಳಿ ವಿದ್ಯುತ್ ತಂತಿಗೆ ತಗಲಿ ಬಿದ್ದಿತು. ಅದರ ಬಾಂಬು ಸಿಡಿಯದೆ ಹಾಗೆಯೇ ಉಳಿಯಿತು. ಜರ್ಮನರು ಅದನ್ನು ಬಿಚ್ಚಿ, ಅಳೆದು, ನಕ್ಷೆ ಬರೆದುಕೊಂಡರು. ಶತ್ರುವಿಗೆ 1943ರಲ್ಲೇ ತಿಳಿದ ಸಂಗತಿಯನ್ನು ಟಿಕೆಟ್ಟು ಕೊಂಡು ಕುಳಿತ ಪ್ರೇಕ್ಷಕನಿಂದ 1955ರಲ್ಲಿ ಬಚ್ಚಿಟ್ಟ ಹಾಗಾಯಿತು!

ಎರಡು ದೀಪ, ಒಂದು ಕಟ್ಟುಕಥೆ

ಬಾಂಬನ್ನು ಬಿಡುವಾಗ ವಿಮಾನ ನೀರಿನಿಂದ ಸರಿಯಾಗಿ 60 ಅಡಿ ಎತ್ತರದಲ್ಲಿರಬೇಕಿತ್ತು. ವೇಗ ಗಂಟೆಗೆ 230 ಮೈಲಿಯಷ್ಟು, ಸಮಯ ರಾತ್ರಿ. ಅಂದಿನ ಎತ್ತರಮಾಪಕಗಳು ಅಷ್ಟು ಸೂಕ್ಷ್ಮವಾಗಿ ತೋರಿಸುತ್ತಿರಲಿಲ್ಲ. ಆದುದರಿಂದ ವಿಮಾನದ ಕೆಳಗೆ ಎರಡು ದೀಪಗಳನ್ನು ಓರೆಯಾಗಿ ಕೂರಿಸಿದರು. ನೀರಿನ ಮೇಲೆ ಎರಡು ಬೆಳಕಿನ ಬಿಲ್ಲೆಗಳು ಒಂದಕ್ಕೊಂದು ತಾಗಿದರೆ ಎತ್ತರ 60 ಅಡಿ ಎಂದರ್ಥ. ಚಿತ್ರ ಇದನ್ನು ಸರಿಯಾಗಿಯೇ ತೋರಿಸುತ್ತದೆ. ಗುರಿ ನೋಡಲು ಬಳಸಿದ, ಮೊಳೆ ಹೊಡೆದ ಮರದ ಕವೆಯೂ ನಿಜವೇ. ಆದರೆ ಹಲವರು ಅದರ ಬದಲು ಗಾಜಿನ ಮೇಲೆ ಗುರುತು ಹಾಕಿಕೊಂಡು ದಾರವನ್ನು ಹಿಡಿದು ಗುರಿ ನೋಡಿದರು.

ತಪ್ಪಿರುವುದು ಬೇರೆ ಕಡೆ. ಚಿತ್ರದಲ್ಲಿ ಗಿಬ್ಸನ್ ಒಂದು ಸಂಜೆ ನಾಟಕಶಾಲೆಗೆ ಹೋಗುತ್ತಾನೆ. ನರ್ತಕಿಯರ ಮೇಲೆ ಬೀಳುವ ದೀಪಗಳನ್ನು ಕಂಡು ಈ ಉಪಾಯ ಹೊಳೆಯುತ್ತದೆ. ನೋಡಲು ಚೆನ್ನಾಗಿದೆ, ಆದರೆ ನಡೆದದ್ದಲ್ಲ. ದೀಪಗಳ ಸಲಹೆ ಕೊಟ್ಟವರು ಬೆಂಜಮಿನ್ ಲಾಕ್‌ಸ್ಪೈಸರ್ ಎಂಬ ಸರ್ಕಾರಿ ವಿಜ್ಞಾನಿ, ವಿಮಾನ ಉತ್ಪಾದನಾ ಇಲಾಖೆಯವರು. ಮೇಜಿನ ಮುಂದೆ ಕುಳಿತು ಕೆಲಸ ಮಾಡಿದವರ ಶ್ರಮ ಕಥಾನಾಯಕನ ಖಾತೆಗೆ ಜಮೆಯಾಯಿತು. ಆಫೀಸಿನಲ್ಲಿ ದುಡಿಯುವ ನಮಗೆ ಇದು ಹೊಸ ಅನುಭವವೇನಲ್ಲ.

ನೀರು ಹರಿದು ಹೋದ ಮೇಲೆ

ಆ ರಾತ್ರಿ ಮೋನೆ ಮತ್ತು ಏಡರ್ ಎಂಬ ಎರಡು ಅಣೆಕಟ್ಟುಗಳು ಒಡೆದವು. ಹೊರಟ 19 ವಿಮಾನಗಳಲ್ಲಿ 8 ಹಿಂತಿರುಗಲಿಲ್ಲ. 133 ಜನರಲ್ಲಿ 53 ಜನ ಸತ್ತರು, 3 ಜನ ಸೆರೆಸಿಕ್ಕರು. ಈ ದುಃಖವನ್ನು ಚಿತ್ರ ಮುಚ್ಚಿಡುವುದಿಲ್ಲ. ಗೆದ್ದವರ ಕೇಕೆಯಿಂದ ಅದು ಮುಗಿಯುವುದಿಲ್ಲ. ಸತ್ತವರ ಮನೆಯವರಿಗೆ ಕಾಗದ ಬರೆಯಬೇಕೆಂದು ಗಿಬ್ಸನ್ ನಡೆದು ಹೋಗುವುದರೊಂದಿಗೆ ಮುಗಿಯುತ್ತದೆ. ಇದು ಆ ಚಿತ್ರದ ದೊಡ್ಡ ಗುಣ.

ಆದರೆ ನೀರಿನ ಕೆಳಗೆ ಸಿಕ್ಕವರ ಲೆಕ್ಕ ಅಲ್ಲಿ ಇಲ್ಲ. ಪ್ರವಾಹದಲ್ಲಿ ಸತ್ತವರು 1,300ಕ್ಕೂ ಹೆಚ್ಚು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಜರ್ಮನರೇ ಅಲ್ಲ. ಜರ್ಮನರು ಸೆರೆಹಿಡಿದು ತಂದ ಕೈದಿಗಳು, ಬಲವಂತದ ಕೂಲಿಗಳು. ಮೋನೆ ಅಣೆಕಟ್ಟಿನ ಕೆಳಗೆ ನೇಹೈಮ್ ಊರಿನ ಹತ್ತಿರ ಇಂಥವರ ಒಂದು ಶಿಬಿರವಿತ್ತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಸೋವಿಯತ್ ದೇಶದಿಂದ ತಂದ ಹೆಂಗಸರು. ತಮ್ಮ ಊರು ಬಿಟ್ಟು, ಭಾಷೆ ತಿಳಿಯದ ನಾಡಿನಲ್ಲಿ, ಶತ್ರುವಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ಯಾರ ಬಿಡುಗಡೆಗಾಗಿ ಯುದ್ಧ ನಡೆದಿತ್ತೋ ಅವರೇ ಮಿತ್ರಪಕ್ಷದ ಬಾಂಬಿನಿಂದ ಹರಿದ ನೀರಿಗೆ ಸಿಕ್ಕರು. ಈ ಶಿಬಿರದ ಮಾತು ಚಿತ್ರದಲ್ಲಿ ಬರುವುದಿಲ್ಲ. ಒಡೆದ ಮೋನೆ ಅಣೆಕಟ್ಟನ್ನು ಜರ್ಮನರು ಅದೇ ವರ್ಷ ಮುಗಿಯುವ ಮೊದಲೇ ಮತ್ತೆ ಕಟ್ಟಿದರೆಂಬುದೂ ಬರುವುದಿಲ್ಲ.

ಬಾಂಬು ಗುಂಡಗಿತ್ತೆ, ಉದ್ದಕ್ಕಿತ್ತೆ ಎಂಬ ತಪ್ಪನ್ನು ಒಂದು ಸಾಲಿನಲ್ಲಿ ತಿದ್ದಬಹುದು. ಬಿಟ್ಟುಹೋದ ಮನುಷ್ಯರನ್ನು ಹಾಗೆ ತಿದ್ದಲಾಗುವುದಿಲ್ಲ. ಅವರು ಇದ್ದರೆಂಬುದೇ ನೋಡುವವನಿಗೆ ತಿಳಿಯುವುದಿಲ್ಲ.

ಶತ್ರುವಿನ ಮೈ, ಮಿತ್ರನ ಎಂಜಿನು

ಇನ್ನು ವೇಷದ ವಿಮಾನಗಳ ವಿಷಯ. 1969ರ ‘ಬ್ಯಾಟಲ್ ಆಫ್ ಬ್ರಿಟನ್’ ಚಿತ್ರ 1940ರ ಬೇಸಗೆಯ ವಿಮಾನಯುದ್ಧವನ್ನು ಕುರಿತದ್ದು. ಅದಕ್ಕೆ ಜರ್ಮನಿಯ ಮೆಸರ್‌ಸ್ಮಿಟ್ 109 ವಿಮಾನಗಳು ಬೇಕಿದ್ದುವು. ಯುದ್ಧ ಮುಗಿದು 20 ವರ್ಷ ದಾಟಿತ್ತು. ಹಾರುವ ಸ್ಥಿತಿಯಲ್ಲಿದ್ದ ಅಂಥ ವಿಮಾನಗಳ ಗುಂಪು ಜರ್ಮನಿಯಲ್ಲಿ ಎಲ್ಲಿ ಸಿಗಬೇಕು? ಸಿಕ್ಕದ್ದು ಸ್ಪೇನಿನಲ್ಲಿ. ಸ್ಪೇನ್ ದೇಶ ಮೆಸರ್‌ಸ್ಮಿಟ್ಟಿನ ಮಾದರಿಯನ್ನು ತನ್ನಲ್ಲೇ ಕಟ್ಟಿಕೊಂಡಿತ್ತು. ಜರ್ಮನ್ ಎಂಜಿನು ಸಿಗದುದರಿಂದ ಕೊನೆಗೆ ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನನ್ನು ಕೂರಿಸಿತ್ತು. ಸ್ಪಿಟ್‌ಫೈರಿನಲ್ಲಿದ್ದುದೂ ಮರ್ಲಿನ್ನೇ! ಚಿತ್ರದ ಹೈಂಕೆಲ್ ಬಾಂಬರುಗಳ ಕಥೆಯೂ ಇದೇ: ಸ್ಪೇನಿನಲ್ಲಿ ಕಟ್ಟಿದವು, ಮರ್ಲಿನ್ ಹಾಕಿದವು. ಹೀಗೆ ಆಕಾಶದಲ್ಲಿ ಎರಡು ಪಕ್ಷದ ವಿಮಾನಗಳೂ ಒಂದೇ ಕಂಪನಿಯ ಎಂಜಿನಿನಿಂದ ಹಾರಿದವು.

ಇದನ್ನು ಗುರುತಿಸುವುದು ಸುಲಭ. ನಿಜವಾದ ಮೆಸರ್‌ಸ್ಮಿಟ್ಟಿನ ಡೈಮ್ಲರ್ ಬೆಂಜ್ ಎಂಜಿನು ತಲೆಕೆಳಗಾಗಿ ಕೂತಿರುತ್ತದೆ. ಆದುದರಿಂದ ಹೊಗೆಕೊಳವೆಗಳ ಸಾಲು ಮೂಗಿನ ಕೆಳಭಾಗದಲ್ಲಿರುತ್ತದೆ. ಮರ್ಲಿನ್ ನೆಟ್ಟಗೆ ಕೂರುತ್ತದೆ. ಕೊಳವೆಗಳು ಮೇಲ್ಭಾಗದಲ್ಲಿ, ಗದ್ದದ ಕೆಳಗೆ ಉಬ್ಬು. ಈ ಉಬ್ಬನ್ನು ನೋಡಿಯೇ ಸ್ಪೇನಿನವರು ಎದೆಯುಬ್ಬಿಸುವ ಒಂದು ಜಾತಿಯ ಪಾರಿವಾಳದ ಹೆಸರನ್ನು ಅದಕ್ಕೆ ಇಟ್ಟರು. ಚಿತ್ರದವರು ಸುಮ್ಮನೆ ಕೂರಲಿಲ್ಲ. 1940ರ ಮಾದರಿಗೆ ಹೊಂದಲೆಂದು ರೆಕ್ಕೆಯ ತುದಿ ಕತ್ತರಿಸಿದರು, ಬಾಲಕ್ಕೆ ಸುಳ್ಳು ಆಸರೆಕಡ್ಡಿ ಹಚ್ಚಿದರು. ಎಂಜಿನನ್ನು ಮಾತ್ರ ಬದಲಿಸಲಾಗಲಿಲ್ಲ.

ಎಂಜಿನಿನ ಈ ವ್ಯತ್ಯಾಸ ಸಣ್ಣದಲ್ಲ. 1940ರ ಮರ್ಲಿನ್ನಿನಲ್ಲಿ ಪೆಟ್ರೋಲನ್ನು ಅಳೆದು ಕೊಡುವ ಕಾರ್ಬ್ಯುರೇಟರಿಗೆ ಒಂದು ತೇಲುಬುರುಡೆ ಇತ್ತು. ವಿಮಾನದ ಮೂಗನ್ನು ಥಟ್ಟನೆ ಕೆಳಕ್ಕೆ ತಿರುಗಿಸಿದರೆ ಒಳಗಿನ ಪೆಟ್ರೋಲು ಮೇಲಕ್ಕೆ ಚಿಮ್ಮುತ್ತಿತ್ತು. ಎಂಜಿನು ಬಿಕ್ಕಳಿಸಿ ಕ್ಷಣಕಾಲ ಸೋಲುತ್ತಿತ್ತು. ಜರ್ಮನ್ ಎಂಜಿನಿಗೆ ಪಂಪೇ ನೇರವಾಗಿ ಪೆಟ್ರೋಲನ್ನು ಒತ್ತಿ ಕೊಡುತ್ತಿದ್ದುದರಿಂದ ಈ ತೊಂದರೆ ಇರಲಿಲ್ಲ. ಬೆನ್ನಟ್ಟಿದ ಸ್ಪಿಟ್‌ಫೈರಿನಿಂದ ಜರ್ಮನ್ ಪೈಲಟ್ ಮೂಗು ತಗ್ಗಿಸಿ ಪಾರಾಗಬಹುದಾಗಿತ್ತು. ಈ ಕುಂದಿಗೆ 1941ರಲ್ಲಿ ತಾತ್ಕಾಲಿಕ ಮದ್ದು ಕಂಡುಹಿಡಿದವರು ಬಿಯಾಟ್ರಿಸ್ ಶಿಲಿಂಗ್ ಎಂಬ ಮಹಿಳಾ ಎಂಜಿನಿಯರು. ಅದು ನಡುವೆ ತೂತಿದ್ದ ಒಂದು ಪುಟ್ಟ ಲೋಹದ ಬಿಲ್ಲೆ. ಪೆಟ್ರೋಲು ಮಿತಿ ಮೀರಿ ನುಗ್ಗದಂತೆ ತಡೆಯುತ್ತಿತ್ತು. ಎಷ್ಟೋ ಪೈಲಟ್ಟುಗಳ ಜೀವ ಇಂಥ ಬಿಲ್ಲೆಯ ಮೇಲೆ ನಿಂತಿತ್ತು. ಎರಡು ಪಕ್ಷಕ್ಕೂ ಒಂದೇ ಎಂಜಿನು ಹಾಕಿದ ಚಿತ್ರ ನೋಡಿ ಇದನ್ನು ಊಹಿಸಲು ಸಾಧ್ಯವಿಲ್ಲ.

ಅಮೆರಿಕದ ಚಿತ್ರಗಳಲ್ಲಿಯೂ ವೇಷವುಂಟು. 1970ರ ‘ತೋರಾ! ತೋರಾ! ತೋರಾ!’ದಲ್ಲಿ ಪರ್ಲ್ ಹಾರ್ಬರಿನ ಮೇಲೆ ಹಾರುವ ಜಪಾನಿ ವಿಮಾನಗಳು ನಿಜವಾಗಿ ಅಮೆರಿಕದ ತರಬೇತಿ ವಿಮಾನಗಳು. ಮೈಯನ್ನು ಮಾರ್ಪಡಿಸಿ ಬಣ್ಣ ಹಚ್ಚಿದವು. ದೂರದಿಂದ ನೋಡಿದರೆ ಮೋಸ ಹೋಗಬೇಕು, ಅಷ್ಟು ಚೆನ್ನಾಗಿದೆ. 2001ರ ‘ಪರ್ಲ್ ಹಾರ್ಬರ್’ ಚಿತ್ರಕ್ಕೆ ಅಷ್ಟು ತಾಳ್ಮೆ ಇರಲಿಲ್ಲ. 1941ರ ಡಿಸೆಂಬರಿನಲ್ಲಿ ದಾಳಿ ಮಾಡಿದ ಝೀರೊ ವಿಮಾನಗಳ ಬಣ್ಣ ತಿಳಿ ಬೂದು, ಚಿತ್ರದಲ್ಲಿ ಹಸಿರು. ಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ ಕಟ್ಟಿದ ಹಡಗುಗಳೂ ಅಲ್ಲಿ ಕಾಣಿಸಿಕೊಳ್ಳುತ್ತವೆ.

ವಿಮಾನಗಳೆಲ್ಲ ಎಲ್ಲಿ ಹೋದವು?

ಯುದ್ಧಕಾಲದಲ್ಲಿ ಸಾವಿರಾರು ವಿಮಾನ ಕಟ್ಟಿದರಲ್ಲ, ಚಿತ್ರಕ್ಕೆ ನಾಲ್ಕು ಸಿಕ್ಕದಷ್ಟು ಬರ ಏಕೆ ಎಂದು ಕೇಳಬಹುದು. ಯುದ್ಧ ಮುಗಿದೊಡನೆ ಬಹುಪಾಲು ವಿಮಾನಗಳು ಗುಜರಿಗೆ ಹೋದವು. ನಮ್ಮ ದೇಶದಲ್ಲೇ ಕಾನಪುರದಲ್ಲಿ ಅಮೆರಿಕದಲ್ಲಿ ತಯಾರಾದ ಲಿಬರೇಟರ್ ಬಾಂಬರುಗಳನ್ನು ಮತ್ತೆ ಹಾರದಂತೆ ಬೇಕೆಂದೇ ಕೆಡಿಸಿ ಬಿಟ್ಟು ಹೋಗಿದ್ದರು. 1948ರಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಅವುಗಳನ್ನು ಎತ್ತಿಕೊಂಡರು. ಅಲ್ಲಿಯೇ ಹಾರುವಷ್ಟರ ಮಟ್ಟಿಗೆ ಸರಿಪಡಿಸಿ, ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಹಾರಿಸಿ ತಂದವರು ಜಮ್ಷೆಡ್ ಮುನ್ಷಿ ಎಂಬ ಪೈಲಟ್. ಬೆಂಗಳೂರಿನ ಕೆಲಸಗಾರರು 40ಕ್ಕೂ ಹೆಚ್ಚು ವಿಮಾನಗಳಿಗೆ ಮರುಜೀವ ಕೊಟ್ಟರು. ಅವು 1968ರವರೆಗೆ ಭಾರತೀಯ ವಾಯುಪಡೆಯಲ್ಲಿ ದುಡಿದವು. ಆಮೇಲೆ ಕೆಲವು ಬ್ರಿಟನ್, ಕೆನಡಾ, ಅಮೆರಿಕಗಳ ವಸ್ತುಸಂಗ್ರಹಾಲಯ ಸೇರಿದವು. ಇಂದು ಜಗತ್ತಿನಲ್ಲಿ ಉಳಿದಿರುವ ಕೆಲವೇ ಲಿಬರೇಟರುಗಳಲ್ಲಿ ಹಲವು ಬೆಂಗಳೂರಿನ ಕೈಗಳು ಉಳಿಸಿಕೊಟ್ಟವು. ಯಾವ ಚಿತ್ರದ ಹೆಸರುಪಟ್ಟಿಯಲ್ಲೂ ಬಾರದ ಕೈಗಳು ಅವು.

ಚಿತ್ರ ನೋಡುವಾಗ

ಇಷ್ಟೆಲ್ಲ ಹೇಳಿದ್ದು ಚಿತ್ರ ನೋಡುವ ಸಂತೋಷವನ್ನು ಕೆಡಿಸಲಿಕ್ಕಲ್ಲ. ಮೂರು ಪ್ರಶ್ನೆಗಳನ್ನು ಜೊತೆಗಿಟ್ಟುಕೊಂಡು ನೋಡಿದರೆ ಸಂತೋಷ ಹೆಚ್ಚುವುದು. ಒಂದು, ತೆರೆಯ ಮೇಲಿನ ಯಂತ್ರ ಕಥೆ ನಡೆದ ವರ್ಷದ್ದೇ? ಎರಡು, ಆ ಯಂತ್ರವನ್ನು ನಿಜವಾಗಿ ಯೋಚಿಸಿ ಮಾಡಿದವರು ಯಾರು? ಮೂರು, ಆ ಯಂತ್ರದ ಪೆಟ್ಟು ಬಿದ್ದದ್ದು ಯಾರ ಮೇಲೆ? ಮೊದಲನೆಯದಕ್ಕೆ ಹಳೆಯ ಫೋಟೋ ಇರುವ ಒಂದು ಪುಸ್ತಕ ಉತ್ತರ ಹೇಳುತ್ತದೆ. ಎರಡನೆಯದಕ್ಕೂ ಮೂರನೆಯದಕ್ಕೂ ಸ್ವಲ್ಪ ಹೆಚ್ಚು ಓದಬೇಕು. ಅದಕ್ಕಾಗಿಯೇ ನಮ್ಮ ವಾಚನಾಲಯದ ಬಾಗಿಲು ತೆರೆದಿದೆ.