ಹಿಪ್ಪುನೇರಳೆ ಸಾಲಿನ ನಡುವೆ ಅಲಸಂದಿ: ಕಾಳಿಗಲ್ಲ, ಸೊಪ್ಪಿಗೆ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಾಲು ಮತ್ತು ರೇಷ್ಮೆ ಒಂದೇ ಮನೆಯ ಎರಡು ಕಸುಬು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ಹೆಣ್ಣುಮಗಳೇ ಹುಳುವಿಗೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗುತ್ತಾಳೆ. ನಮ್ಮ ತಿಕೋಟಾ ತಾಲ್ಲೂಕಿನ ಕನಮಡಿ, ಬಿಜ್ಜರಗಿ, ಬಾಬಾನಗರದ ಕಡೆ ದ್ರಾಕ್ಷಿಯದೇ ಮಾತು ಹೆಚ್ಚು. ಆದರೂ ಮನೆ ಮಟ್ಟಿಗೆ ಒಂದು ಎಕರೆ ಹಿಪ್ಪುನೇರಳೆ ಹಚ್ಚಿದ, ಇಲ್ಲವೇ ಹಚ್ಚುವ ವಿಚಾರ ಮಾಡುವ ಸದಸ್ಯೆಯರ ಮುಂದೆ ಮೊದಲು ಬಂದು ನಿಲ್ಲುವ ಪ್ರಶ್ನೆ ಇದು: ಇದ್ದ ಹೊಲವನ್ನು ಹುಳುವಿಗೆ ಕೊಟ್ಟರೆ ಆಕಳ ಮೇವಿಗೆ ಎಲ್ಲಿ ಹೋಗುವುದು?

ಸ್ವಲ್ಪ ಮೇವು ಅದೇ ತೋಟದ ಸಾಲುಗಳ ನಡುವೆ ಸಿಗುತ್ತದೆ. ವಿ-1 ತಳಿಯನ್ನು ಜೋಡಿ ಸಾಲಿನಲ್ಲಿ ಹಚ್ಚುವಾಗ ಎರಡು ಸಾಲಿನ ನಡುವೆ 3 ಅಡಿ, ಒಂದು ಜೋಡಿಗೂ ಇನ್ನೊಂದು ಜೋಡಿಗೂ ನಡುವೆ 5 ಅಡಿ ಬಿಡುತ್ತಾರೆ. ರೆಂಬೆ ಕೊಯ್ದು ಹುಳುವಿಗೆ ಹಾಕಿದ ಮೇಲೆ ತೋಟ ಬೋಳಾಗುತ್ತದೆ. ಮತ್ತೆ ಚಿಗುರಿ ನೆರಳು ಕವಿಯಲು ಒಂದು ತಿಂಗಳ ಮೇಲೆ ಬೇಕು. ಅಷ್ಟು ದಿನ ಆ 5 ಅಡಿ ಪಟ್ಟಿಯಲ್ಲಿ ಬಿಸಿಲು ಬೀಳುತ್ತದೆ, ಕಸ ಏಳುತ್ತದೆ. ಕಸದ ಜಾಗದಲ್ಲಿ ಅಲಸಂದಿ ಇರಲಿ ಎಂಬುದೇ ಇಲ್ಲಿನ ಮಾತು. ಸಜ್ಜೆಯಲ್ಲಿ ತೊಗರಿ ಅಕ್ಕಡಿ ಹಾಕಿದವರಿಗೆ ಇದು ಹೊಸ ವಿದ್ಯೆಯಲ್ಲ.

ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಹಿಪ್ಪುನೇರಳೆಯಲ್ಲಿ ಕಾಳಿನ ಆಸೆ ಇಟ್ಟುಕೊಳ್ಳಬಾರದು. ಕಾಯಿ ಕಟ್ಟಿದರೆ ಕಾಯಿಕೊರಕ ಬರುತ್ತದೆ, ಹುಳ ಬಂದರೆ ಔಷಧಿ ಹೊಡೆಯುವ ಮನಸ್ಸಾಗುತ್ತದೆ. ರೇಷ್ಮೆ ಹುಳುವೂ ಒಂದು ಹುಳವೇ. ಕಾಯಿಕೊರಕವನ್ನು ಕೊಲ್ಲುವ ಔಷಧಿ ಎಲೆಯ ಮೇಲೆ ಚೂರು ಉಳಿದರೂ ಮನೆಯ ಹುಳುವನ್ನು ಬಿಡುವುದಿಲ್ಲ. ಅದೇ ಸೊಪ್ಪು ಆಕಳ ಹೊಟ್ಟೆಗೆ ಹೋದರೆ ಹಾಲಿಗೂ ಬರಬಹುದು. ಆದ್ದರಿಂದ ತೊಗರಿ ಈ ತೋಟಕ್ಕೆ ಬೇಡ. ಅದು ಎತ್ತರ ಬೆಳೆದು ನೆರಳು ಮಾಡುತ್ತದೆ, ಆರು ತಿಂಗಳು ಜಾಗ ಹಿಡಿಯುತ್ತದೆ, ಔಷಧಿ ಬೇಡುತ್ತದೆ. ಇನ್ನು, ನಮ್ಮ ಕಡೆ ದ್ರಾಕ್ಷಿ ತೋಟಕ್ಕೆ ಹೊಡೆದ ಔಷಧಿ ಗಾಳಿಗೆ ಹಾರಿ ಪಕ್ಕದ ಹೊಲಕ್ಕೆ ಬೀಳುವುದುಂಟು. ದ್ರಾಕ್ಷಿಗೆ ಅಂಟಿಕೊಂಡ ಹೊಲವಾದರೆ ಅಕ್ಕಡಿಗಿಂತ ಮೊದಲು ಹಿಪ್ಪುನೇರಳೆಯನ್ನೇ ಅಲ್ಲಿ ಹಚ್ಚಬೇಕೋ ಬೇಡವೋ ವಿಚಾರ ಮಾಡಿ.

ಬಿತ್ತುವ ದಿನ, ಕೊಯ್ಯುವ ದಿನ

ರೆಂಬೆ ಕಟಾವಾಗಿ, ಎಡೆ ಹೊಡೆದು, ಗೊಬ್ಬರ ಕೊಟ್ಟು ನೀರು ಬಿಟ್ಟ ವಾರದೊಳಗೆ ಬಿತ್ತಬೇಕು. ತಡವಾದರೆ ನೆರಳಿಗೆ ಸಿಕ್ಕಿ ಅಲಸಂದಿ ಎಳಸಾಗಿಯೇ ಉಳಿಯುತ್ತದೆ. ಪಟ್ಟಿಯ ನಡುವೆ ಎರಡು ಮೂರು ಸಾಲು ಸಾಕು. ಗಿಡದ ಬುಡದಿಂದ ಎರಡೂ ಕಡೆ ಒಂದೂವರೆ ಅಡಿ ಖಾಲಿ ಬಿಡಿ. ಸುಮಾರು 45 ದಿನಕ್ಕೆ, ಮೊಗ್ಗು ಕಾಣುವ ಹೊತ್ತಿಗೆ ಕೊಯ್ದುಬಿಡಿ. ಎರಡನೇ ಜ್ವರ ಮುಗಿದ ಚಾಕಿ ಹುಳು ಮನೆಗೆ ಬರುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ತಿನ್ನುವುದು ನಾಲ್ಕನೇ ಜ್ವರದ ನಂತರದ ಏಳೆಂಟು ದಿನಗಳಲ್ಲಿ. ಆ ದಿನಗಳಲ್ಲಿ ಹಾಲು ಹಿಂಡುವುದಕ್ಕೇ ಪುರುಸೊತ್ತು ಸಿಗುವುದು ಕಷ್ಟ. ಅಲಸಂದಿ ಕೊಯ್ಯುವ ಕೆಲಸ ಅದಕ್ಕಿಂತ ಮೊದಲೇ ಮುಗಿದಿರಬೇಕು.

ವರ್ಷವಿಡೀ ಇದನ್ನು ಮಾಡಲು ಹೋಗಬೇಡಿ. ಜೋಡಿ ಸಾಲಿಗೆ ಹನಿ ನೀರಾವರಿ ಇದ್ದರೆ ನೀರು ಬೀಳುವುದು 3 ಅಡಿ ಸಾಲಿಗೆ, 5 ಅಡಿ ಪಟ್ಟಿ ಒಣಗಿಯೇ ಇರುತ್ತದೆ. ನಮ್ಮ ಜಿಲ್ಲೆಯ ಮಳೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಾತ್ರ. ಮುಂಗಾರಿನಲ್ಲಿ ಅಲಸಂದಿ, ಹಿಂಗಾರಿಯಲ್ಲಿ ಹುರುಳಿ, ಇವೆರಡು ಬೆಳೆ ಬಂದರೆ ಸಾಕು. ಬೇಸಿಗೆಯಲ್ಲಿ ಆ ಪಟ್ಟಿಗೆ ಒಣ ಹುಲ್ಲು, ತರಗು ಹೊದಿಸಿ.

ಬೀಜ ಕೊಳ್ಳುವಾಗ ಬಣ್ಣ ಹಚ್ಚದ್ದನ್ನು ನೋಡಿ ತನ್ನಿ. ಕೀಟನಾಶಕದಿಂದ ಉಪಚರಿಸಿದ ಬೀಜ ಹಿಪ್ಪುನೇರಳೆ ತೋಟಕ್ಕೆ ಬರಬಾರದು. ಬದಲಿಗೆ ರೈಜೋಬಿಯಂ ಪುಡಿ ಹಚ್ಚಿ: 10 ಕಿಲೊ ಬೀಜಕ್ಕೆ 200 ಗ್ರಾಂ, ಬೆಲ್ಲದ ನೀರಿನಲ್ಲಿ ಕಲಸಿ ನೆರಳಲ್ಲಿ ಆರಿಸಿದರೆ ಆಯಿತು.

ಬಿತ್ತುವ ಮೊದಲು ಬೇರು ನೋಡಿ

ಎಲೆ ಹಳದಿಯಾಗಿ ಗಿಡ ಕುಂಠಿತವಾಗಿದ್ದರೆ ಒಂದೆರಡು ಎಳೆ ಬೇರು ಅಗೆದು ನೋಡಿ. ಹಿಪ್ಪುನೇರಳೆ ಬೇರಿನಲ್ಲಿ ಗಂಟುಗಳಿದ್ದರೆ ಅದು ಜಂತುಹುಳದ ಬೇರುಗಂಟು ರೋಗ. ಅಲಸಂದಿಯ ಬೇರಿನಲ್ಲೂ ಗಂಟು ಇರುತ್ತದೆ, ಆದರೆ ಅದು ಬೇರೆ: ಉಜ್ಜಿದರೆ ಸುಲಭವಾಗಿ ಉದುರುತ್ತದೆ, ಒಡೆದರೆ ಒಳಗೆ ಗುಲಾಬಿ ಬಣ್ಣ. ಅದು ಗಾಳಿಯ ಸಾರಜನಕ ಹಿಡಿಯುವ ಗಂಟು. ರೋಗದ ಗಂಟು ಬೇರೇ ಊದಿಕೊಂಡದ್ದು, ಉದುರುವುದಿಲ್ಲ. ಆ ಜಂತುಹುಳಕ್ಕೆ ಅಲಸಂದಿ, ಹೆಸರು ಎರಡೂ ಇಷ್ಟ. ಅಂಥ ತೋಟದಲ್ಲಿ ಅವನ್ನು ಹಾಕಿದರೆ ರೋಗವನ್ನು ಸಾಕಿದಂತೆ. ಅಲ್ಲಿ ಸೆಣಬು ಅಥವಾ ಚೆಂಡುಹೂ ಹಾಕಿ. ಸೆಣಬನ್ನು ಹೂ ಬಿಡುವ ಮೊದಲು ಕೊಯ್ದು ಮಣ್ಣಿಗೇ ಸೇರಿಸಿ. ಅದರ ಬೀಜ ದನಕ್ಕೆ ವಿಷ, ಆದ್ದರಿಂದ ಮೇವಿನ ಲೆಕ್ಕದಲ್ಲಿ ಅದನ್ನು ಹಿಡಿಯುವುದೇ ಬೇಡ.

ಆಕಳಿಗೆ ಎಷ್ಟು, ಮಣ್ಣಿಗೆ ಎಷ್ಟು

10 ಕಿಲೊ ಹಸಿ ಅಲಸಂದಿಯಲ್ಲಿ ಸುಮಾರು 250 ಗ್ರಾಂ ಪ್ರೋಟೀನ್ ಇರುತ್ತದೆ. ಶೇ 20 ಪ್ರೋಟೀನ್ ಇರುವ ಪಶು ಆಹಾರಕ್ಕೆ ಹೋಲಿಸಿದರೆ ಒಂದು ಕಿಲೊ ಕಾಲು ಆಹಾರದಲ್ಲಿರುವಷ್ಟು. ಇದು ಪ್ರೋಟೀನಿನ ಲೆಕ್ಕ ಮಾತ್ರ, ಪಶು ಆಹಾರವನ್ನು ಪೂರ್ತಿ ನಿಲ್ಲಿಸಬೇಡಿ. ಎಳೆ ಸೊಪ್ಪನ್ನು ಇಬ್ಬನಿ ಇರುವಾಗ ಕೊಯ್ದು ಹಾಗೇ ಹಾಕಿದರೆ ಹೊಟ್ಟೆ ಉಬ್ಬರ ಬರಬಹುದು. ಬಿಸಿಲೇರಿದ ಮೇಲೆ ಕೊಯ್ದು, ಎರಡು ಮೂರು ತಾಸು ಬಾಡಿಸಿ, ಒಂದು ಪಾಲು ಸೊಪ್ಪಿಗೆ ಮೂರು ಪಾಲು ಜೋಳದ ಕಣಿಕೆ ಬೆರೆಸಿ ಕೊಡಿ.

ಅಕ್ಕಡಿ ಹಾಕಿದರೆ ಯೂರಿಯಾ ಬೇಡವೇ ಬೇಡ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಟನ್ ಹಸಿ ಸೊಪ್ಪಿನಲ್ಲಿರುವುದು 4-5 ಕಿಲೊ ಸಾರಜನಕ, ಅಂದರೆ ಸುಮಾರು 10 ಕಿಲೊ ಯೂರಿಯಾದಷ್ಟು. ವಿ-1 ತೋಟಕ್ಕೆ ಶಿಫಾರಸು ಮಾಡಿದ್ದು ಎಕರೆಗೆ ವರ್ಷಕ್ಕೆ 140 ಕಿಲೊ ಸಾರಜನಕ. ಅದೂ ಅಲಸಂದಿ ಮಣ್ಣಿನಲ್ಲಿ ಕೊಳೆತರೆ ಮಾತ್ರ ಗಿಡಕ್ಕೆ ದಕ್ಕುತ್ತದೆ. ಕೊಯ್ದು ಆಕಳಿಗೆ ಹಾಕಿದರೆ ಆ ಸಾರ ಹೊಲ ಬಿಟ್ಟು ಕೊಟ್ಟಿಗೆಗೆ ಹೋಯಿತು. ತಿಂದ ಸಾರಜನಕದಲ್ಲಿ ಸುಮಾರು ಮುಕ್ಕಾಲು ಪಾಲು ಸಗಣಿ, ಗಂಜಲದಲ್ಲಿ ಹೊರಬರುತ್ತದೆ. ಸಗಣಿಯನ್ನು ಎಲ್ಲರೂ ತಿಪ್ಪೆಗೆ ಹಾಕುತ್ತಾರೆ, ಗಂಜಲ ಮಾತ್ರ ಗಟಾರಕ್ಕೆ ಹರಿಯುತ್ತದೆ. ಕೊಟ್ಟಿಗೆಯ ಇಳಿಜಾರಿಗೆ ಒಂದು ಗುಂಡಿ ಮಾಡಿ ಅದನ್ನು ಹಿಡಿದು ತಿಪ್ಪೆಗೆ ಸುರಿಯಿರಿ. ಹಿಪ್ಪುನೇರಳೆಗೆ ಎಕರೆಗೆ ವರ್ಷಕ್ಕೆ 8 ಟನ್ ಕೊಟ್ಟಿಗೆ ಗೊಬ್ಬರ ಬೇಕು. ಎರಡು ಆಕಳು ದಿನಕ್ಕೆ 30 ಕಿಲೊ ಸಗಣಿ ಹಾಕಿದರೂ ವರ್ಷಕ್ಕೆ 11 ಟನ್, ಕೊಳೆಯುವ ಹೊತ್ತಿಗೆ ಅದರ ಅರ್ಧ. ಕೊರತೆ ಕಣ್ಣಿಗೆ ಕಾಣುತ್ತದೆ. ಹಾಗಾಗಿ ಅಲಸಂದಿಯನ್ನೆಲ್ಲ ಕೊಟ್ಟಿಗೆಗೆ ಹೊರಬೇಡಿ. ಒಂದು ಪಟ್ಟಿ ಆಕಳಿಗೆ, ಪಕ್ಕದ ಪಟ್ಟಿ ಅಲ್ಲೇ ಮಣ್ಣಿಗೆ. ಮುಂದಿನ ಸಲ ಅದಲು ಬದಲು ಮಾಡಿ.

ಹುಳು ತಿಂದು ಬಿಟ್ಟ ಸೊಪ್ಪು, ಕಡ್ಡಿಯನ್ನೂ ಆಕಳು ಇಷ್ಟಪಟ್ಟು ತಿನ್ನುತ್ತದೆ. ಆದರೆ ಹುಳುವಿನ ಹಾಸಿಗೆಗೆ ಸುಣ್ಣ, ಸೋಂಕುನಿವಾರಕ ಪುಡಿ ಉದುರಿಸಿದ್ದರೆ, ಇಲ್ಲವೇ ಹಾಲುತೊಂಡೆ, ಸಪ್ಪೆ ರೋಗ ಕಂಡಿದ್ದರೆ ಆ ಕಸವನ್ನು ಆಕಳ ಮುಂದೆ ಹಾಕಬೇಡಿ. ರೋಗದ ಕಸವನ್ನು ಹುಳುಮನೆಯಿಂದ, ತೋಟದಿಂದ ದೂರ ಗುಂಡಿ ತೆಗೆದು ಹೂಳಿ. ಪುಡಿ ಬೀಳದ, ಮೇಲೆ ಉಳಿದ ತಾಜಾ ರೆಂಬೆಗಳನ್ನು ಮಾತ್ರ ಬೇರೆ ಎತ್ತಿಟ್ಟು, ಸಂಜೆ ಹಿಂಡುವ ಹೊತ್ತಿಗೆ ಕಣಿಕೆಯ ಜೊತೆ ಕೊಡಬಹುದು.