ಸಿಟ್ಟಿನಲ್ಲಿ ಹಾಕಿದ ಲೆಕ್ಕ

ಭಾನುವಾರ ಸಂಜೆ ಆರಾಯಿತೆಂದರೆ ನನ್ನ ಗೆಳೆಯನ ಮುಖ ಸಪ್ಪಗಾಗುತ್ತದೆ. ಕೈಯಲ್ಲಿ ಕಾಫಿ ಲೋಟ ಹಿಡಿದಿರುತ್ತಾನೆ, ಎದುರಿಗೆ ಮಗಳು ಏನೋ ಹೇಳುತ್ತಿರುತ್ತಾಳೆ, ಮನಸ್ಸು ಮಾತ್ರ ಆಗಲೇ ಸೋಮವಾರದ ಮೀಟಿಂಗಿನಲ್ಲಿ ಹೋಗಿ ಕೂತಿರುತ್ತದೆ. ಅವನಿಗೀಗ 44 ವರ್ಷ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಸಂಬಳಕ್ಕೇನೂ ಕೊರತೆಯಿಲ್ಲ, ಮನೆ ಸಾಲವೂ ತೀರಿದೆ. ಆದರೆ ಆಫೀಸು ಅಂದರೆ ಸಾಕು, ಮೈ ಉರಿಯುತ್ತದೆ.

ಯುಗಾದಿಯ ಮಾರನೇ ದಿನ ಮನೆಗೆ ಹೋದಾಗ ಡೈರಿಯೊಂದರ ಕೊನೇ ಪುಟ ತೆಗೆದು ನನ್ನ ಮುಂದೆ ಇಟ್ಟ. ತಿಂಗಳ ಖರ್ಚು 45,000. ವರ್ಷಕ್ಕೆ 5.4 ಲಕ್ಷ. ಅದನ್ನು 25ರಿಂದ ಗುಣಿಸಿ 1.35 ಕೋಟಿ, ಕೆಳಗೆ ಎರಡು ಗೆರೆ. ಪಿಎಫ್, ಮ್ಯೂಚುವಲ್ ಫಂಡ್, ಎಫ್‌ಡಿ ಎಲ್ಲ ಸೇರಿ ಅವನ ಹತ್ತಿರ 1.4 ಕೋಟಿ ಇತ್ತು. "ಅಂದ್ರೆ ನಾನು ಆಗ್ಲೇ ರಿಟೈರ್ ಆಗಿದೀನಿ ಕಣೋ, ಸುಮ್ನೆ ಆಫೀಸಿಗೆ ಹೋಗ್ತಾ ಇದೀನಿ ಅಷ್ಟೆ" ಅಂದ.

ಅಡುಗೆಮನೆಯಿಂದ ಅವನ ಹೆಂಡತಿಯ ದನಿ ಬಂತು: "ರೀ, ಆ ನಲವತ್ತೈದರಲ್ಲಿ ಸ್ಕೂಲ್ ಫೀಸು ಇದೆಯಾ?"

ಇರಲಿಲ್ಲ. ಆ ಮಧ್ಯಾಹ್ನ ಮೂವರೂ ಕೂತು ಹಿಂದಿನ ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿದೆವು. ಆಕೆಯ ಕೈಯಲ್ಲಿ ಪೆನ್ಸಿಲ್. ಕಾರಿನ ಇನ್ಶೂರೆನ್ಸ್, ಆಸ್ತಿ ತೆರಿಗೆ, ಅಮ್ಮನ ಕಣ್ಣಿನ ಪೊರೆಯ ಆಪರೇಷನ್, ಮೂರು ಮದುವೆ ಒಂದು ಗೃಹಪ್ರವೇಶದ ಮುಯ್ಯಿ, ಊರ ಜಾತ್ರೆಗೆ ಹೋಗಿಬಂದ ಖರ್ಚು, ಕೆಟ್ಟುಹೋದ ವಾಷಿಂಗ್ ಮಷೀನಿನ ಬದಲು ಹೊಸದು. ಇವು ಯಾವುವೂ ಪ್ರತಿ ತಿಂಗಳು ಬರುವುದಿಲ್ಲ, ಹಾಗಾಗಿ ತಿಂಗಳ ಲೆಕ್ಕದಲ್ಲಿ ಕಾಣುವುದೂ ಇಲ್ಲ. ಎಲ್ಲ ಕೂಡಿಸಿ ಹನ್ನೆರಡರಿಂದ ಭಾಗಿಸಿದರೆ ಬಂದದ್ದು 71,000.

ನನ್ನ ಗೆಳೆಯ ಎಂಜಿನಿಯರು, ಗಣಿತದಲ್ಲಿ ನನಗಿಂತ ಎಷ್ಟೋ ಮುಂದು. ಆದರೂ ತಪ್ಪಿದ. ಕೆಲಸ ಬೇಡವಾದವನು ಹಾಕುವ ನಿವೃತ್ತಿಯ ಲೆಕ್ಕ ಹೆಚ್ಚುಕಮ್ಮಿ ತಪ್ಪಿಯೇ ತಪ್ಪುತ್ತದೆ. ಅದೂ ಯಾವಾಗಲೂ ಒಂದೇ ಕಡೆಗೆ: ಖರ್ಚು ಕುಗ್ಗುತ್ತದೆ, ಬಡ್ಡಿ ಹಿಗ್ಗುತ್ತದೆ, ಬದುಕಬೇಕಾದ ವರ್ಷಗಳು ಕಡಿಮೆಯಾಗುತ್ತವೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಮ್ಮ ಹಿರಿಯರು ಕೇಳಿದ್ದು ಇಂಥವರನ್ನೇ ಇರಬೇಕು.

ಆ 25 ಎಲ್ಲಿಂದ ಬಂತು ಎಂದು ಅವನನ್ನು ಕೇಳಿದೆ. ಯಾವುದೋ ವಿಡಿಯೋದಲ್ಲಿ ನೋಡಿದ್ದನಂತೆ. ಅದರ ಮೂಲ ಅಮೆರಿಕದಲ್ಲಿದೆ. ವಿಲಿಯಂ ಬೆಂಗೆನ್ ಎಂಬ ಹಣಕಾಸು ಸಲಹೆಗಾರ 1994ರಲ್ಲಿ ಅಲ್ಲಿನ ಷೇರು ಮತ್ತು ಸರ್ಕಾರಿ ಬಾಂಡುಗಳ ಹಳೆಯ ಅಂಕಿಗಳನ್ನು ಜಾಲಾಡಿ, ಮೊದಲ ವರ್ಷ ಗಂಟಿನ ಶೇ 4ರಷ್ಟು ತೆಗೆದು, ಆಮೇಲೆ ಬೆಲೆ ಏರಿದಷ್ಟು ಹೆಚ್ಚಿಸುತ್ತ ಹೋದರೆ ದುಡ್ಡು 30 ವರ್ಷ ಬಾಳುತ್ತದೆ ಎಂದು ತೋರಿಸಿದ. ನೂರನ್ನು ನಾಲ್ಕರಿಂದ ಭಾಗಿಸಿದರೆ 25. ಅಲ್ಲಿನ ಬೆಲೆಯೇರಿಕೆ ಅಲ್ಲಿನದು, ಅಲ್ಲಿನ ಮಾರುಕಟ್ಟೆ ಅಲ್ಲಿನದು. 30 ವರ್ಷವೆಂದರೆ ಅರವತ್ತು ದಾಟಿದವನಿಗೆ ಸರಿ. 45ಕ್ಕೆ ಮನೆಗೆ ಬರುವವನು 85ರವರೆಗೆ ಬದುಕಿದರೆ 40 ವರ್ಷ ಬೇಕು. ಶೇ 4ರ ಬದಲು ಶೇ 3 ಎಂದಿಟ್ಟುಕೊಳ್ಳುವುದೇ ಕ್ಷೇಮ ಎಂಬುದು ನನ್ನ ಎಣಿಕೆ. ಆಗ 25ರ ಜಾಗಕ್ಕೆ 33 ಬರುತ್ತದೆ. 71,000ದ ಖರ್ಚಿಗೆ ಬೇಕಾಗುವ ಗಂಟು 2.8 ಕೋಟಿ. ಡೈರಿಯಲ್ಲಿದ್ದ ಮೊತ್ತದ ಎರಡರಷ್ಟಕ್ಕಿಂತ ಹೆಚ್ಚು. ಗೆಳೆಯ ಡೈರಿ ಮುಚ್ಚಿಟ್ಟ.

ಬಡ್ಡಿ ನಂಬಿ ಬದುಕಲು ಹೋದವರನ್ನು ನಾನು ಮನೆಯಲ್ಲೇ ನೋಡಿದ್ದೇನೆ. 2000–01ರಲ್ಲಿ ಸರ್ಕಾರಿ ಬ್ಯಾಂಕುಗಳು ಸ್ವಯಂ ನಿವೃತ್ತಿ ಯೋಜನೆ ತಂದವು. 15 ವರ್ಷ ಸೇವೆ ಅಥವಾ 40 ವರ್ಷ ವಯಸ್ಸು ಆಗಿದ್ದರೆ ಸಾಕಿತ್ತು. ದೇಶದಾದ್ಯಂತ ಸುಮಾರು ಒಂದು ಲಕ್ಷ ಮಂದಿ ಹೊರಬಿದ್ದರು. ನಮ್ಮ ಚಿಕ್ಕಪ್ಪನೂ ಅವರಲ್ಲೊಬ್ಬರು. ಕಂಪ್ಯೂಟರು ಬಂದ ಮೇಲೆ ಅವರಿಗೆ ಬ್ಯಾಂಕು ಸಾಕಾಗಿತ್ತು. ಕೈಗೆ ಬಂದ ದುಡ್ಡನ್ನು ಠೇವಣಿ ಇಟ್ಟು, ಬಡ್ಡಿಯಲ್ಲಿ ಆರಾಮಾಗಿ ಇರುತ್ತೇನೆ ಅಂದರು. ಆ ಕಾಲದ ಬಡ್ಡಿಯ ಗತಿ ತಿಳಿಯಲು ಪಿಪಿಎಫ್ ನೋಡಿದರೆ ಸಾಕು: 1999ರಲ್ಲಿ ಶೇ 12 ಇದ್ದದ್ದು 2003ರ ಮಾರ್ಚಿಗೆ ಶೇ 8ಕ್ಕೆ ಇಳಿದಿತ್ತು. 2020ರ ಏಪ್ರಿಲ್‌ನಿಂದ ಅದು ಶೇ 7.1. ಚಿಕ್ಕಪ್ಪನ ಠೇವಣಿ ನವೀಕರಣವಾದಾಗಲೆಲ್ಲ ಮನೆಗೆ ಬರುವ ಹಾಲು ಅರ್ಧ ಲೀಟರು ಕಡಿಮೆಯಾಗುತ್ತಿತ್ತು ಎಂದು ಚಿಕ್ಕಮ್ಮ ಈಗಲೂ ನಗುತ್ತಾ ಹೇಳುತ್ತಾರೆ. ಆಗ ನಗುವ ಸ್ಥಿತಿ ಇರಲಿಲ್ಲ. ಐವತ್ತೊಂದನೇ ವಯಸ್ಸಿಗೆ ಚಿಕ್ಕಪ್ಪ ಒಂದು ಮಂಡಿಯಲ್ಲಿ ಲೆಕ್ಕ ಬರೆಯಲು ಹೋದರು.

ಬೆಲೆಯೇರಿಕೆಗೆ ಒಂದು ಸುಲಭದ ಸೂತ್ರವಿದೆ. 72ನ್ನು ಏರಿಕೆಯ ಶೇಕಡಾವಾರಿನಿಂದ ಭಾಗಿಸಿದರೆ ಖರ್ಚು ಎಷ್ಟು ವರ್ಷಕ್ಕೆ ದುಪ್ಪಟ್ಟಾಗುತ್ತದೆಂದು ತಿಳಿಯುತ್ತದೆ. ಶೇ 6 ಎಂದರೆ 12 ವರ್ಷ. ಗೆಳೆಯನ 71 ಸಾವಿರ ಅವನ 56ನೇ ವಯಸ್ಸಿಗೆ 1.42 ಲಕ್ಷ.

ಪಿಂಚಣಿ ಬರುತ್ತದಲ್ಲ ಎನ್ನುವವರಿದ್ದಾರೆ. ಖಾಸಗಿ ನೌಕರರಲ್ಲಿ ಬಹುತೇಕರಿಗೆ ಇಪಿಎಸ್ ಎಂಬ ಪಿಂಚಣಿ ಯೋಜನೆಯ ಲೆಕ್ಕ ನಡೆಯುವುದು ತಿಂಗಳಿಗೆ 15,000 ಸಂಬಳದ ಮಿತಿಯ ಮೇಲೆ. ಇಪ್ಪತ್ತು ವರ್ಷ ದುಡಿದವರಿಗೂ ನಾಲ್ಕೈದು ಸಾವಿರ ಬಂದರೆ ಹೆಚ್ಚು. ಅದೂ ಪೂರ್ತಿ ಸಿಗುವುದು 58ಕ್ಕೆ. 50ರ ನಂತರ ಬೇಗ ಬೇಕೆಂದರೆ, 58ಕ್ಕೆ ಉಳಿದಿರುವ ಪ್ರತಿ ವರ್ಷಕ್ಕೂ ಶೇ 4 ಕಡಿತ. ಕೆಲಸ ಬಿಟ್ಟ ಮೇಲೆ ಪಿಎಫ್ ಖಾತೆಗೆ ಬರುವ ಬಡ್ಡಿಗೆ ತೆರಿಗೆಯೂ ಇದೆ. ಇನ್ನು ಗ್ರಾಚ್ಯುಟಿ: ಕಾಯಂ ನೌಕರನಿಗೆ ಅದು ಸಿಗಬೇಕಾದರೆ ಒಂದೇ ಕಡೆ ಐದು ವರ್ಷ ಆಗಿರಬೇಕು. ನನಗೆ ಗೊತ್ತಿರುವ ಒಬ್ಬ ಹುಡುಗ ಮ್ಯಾನೇಜರ ಮೇಲಿನ ಸಿಟ್ಟಿಗೆ ನಾಲ್ಕು ವರ್ಷ ಮೂರು ತಿಂಗಳಿಗೆ ರಾಜೀನಾಮೆ ಎಸೆದು ಬಂದ. ಮ್ಯಾನೇಜರಿಗೆ ಅದರಿಂದ ಏನೂ ಆಗಲಿಲ್ಲ.

ಆರೋಗ್ಯ ವಿಮೆಯ ವಿಷಯದಲ್ಲಿ ನಾನು ಗೆಳೆಯನ ಬೆನ್ನು ಹತ್ತಿದೆ. ಕಂಪನಿ ಕೊಟ್ಟ ಕಾರ್ಡು ಕೆಲಸದ ಜೊತೆಗೇ ಹೋಗುತ್ತದೆ. 45ಕ್ಕೆ ಹೊಸದಾಗಿ ಸ್ವಂತ ಪಾಲಿಸಿ ಮಾಡಿಸಿದರೆ, ಮೊದಲೇ ಇರುವ ಸಕ್ಕರೆ ಕಾಯಿಲೆ, ಬಿಪಿಗಳಿಗೆ ಮೂರು ವರ್ಷದವರೆಗೂ ಕಾಯುವ ಅವಧಿ ಇರಬಹುದು. ಹಾಗಾಗಿ ರಾಜೀನಾಮೆಗೆ ಮೂರು ವರ್ಷ ಮೊದಲೇ, ಕಂಪನಿಯ ಕಾರ್ಡು ಇರುವಾಗಲೇ ಇದನ್ನು ಮಾಡಿಸಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲೆ ಜಿಎಸ್‌ಟಿಯೂ ಇಲ್ಲ. "ಎರಡೆರಡು ಕಡೆ ದುಡ್ಡು ಯಾಕೆ ಕಟ್ಟಲಿ" ಎಂದು ಅವನು ಒಂದು ತಿಂಗಳು ಎಳೆದ. ಕೊನೆಗೆ ಕಟ್ಟಿದ.

ಅವನ ಊರು ತಿಪಟೂರಿನ ಕಡೆ, ಎರಡು ಎಕರೆ ತೆಂಗಿನ ತೋಟವಿದೆ. ಡೈರಿಯಲ್ಲಿ ತೋಟದ ಆದಾಯಕ್ಕೂ ಒಂದು ಸಾಲು ಇತ್ತು. ಅದನ್ನು ಅಪ್ಪನಿಗೆ ಓದಿ ಹೇಳಿದನಂತೆ. ನುಸಿ ರೋಗ ಬಂದು ಕಾಯಿ ಗಿಡ್ಡವಾದ ವರ್ಷಗಳನ್ನೂ ಕೊಬ್ಬರಿ ಧಾರಣೆ ಬಿದ್ದ ವರ್ಷಗಳನ್ನೂ ಕಂಡ ಜೀವ ಅದು. "ತ್ವಾಟ ನೋಡಾಕೆ ಬಾ ಮಗ, ತ್ವಾಟ ನಂಬ್ಕಂಡು ಬರಬ್ಯಾಡ" ಅಂದರಂತೆ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಗಿದೆ. ಲ್ಯಾಪ್‌ಟಾಪ್ ಮಡಚಿ ಮಣ್ಣಿಗೆ ಮರಳಿ ಎನ್ನುವ ಜಾಹೀರಾತುಗಳನ್ನು ನೋಡಿದಾಗಲೆಲ್ಲ ನನಗೆ ಈ ಮುದುಕರ ಮಾತು ನೆನಪಾಗುತ್ತದೆ.

ಹಾಗಂತ ಬೇಗ ಕೆಲಸ ಬಿಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ನಮ್ಮ ಮಾಸ್ತಿಯವರನ್ನೇ ನೋಡಿ. ಮೈಸೂರು ಸಂಸ್ಥಾನದಲ್ಲಿ ದೊಡ್ಡ ಅಧಿಕಾರಿಯಾಗಿದ್ದವರು, ತಮಗಿಂತ ಕಿರಿಯರಿಗೆ ಮೇಲಿನ ಹುದ್ದೆ ಕೊಟ್ಟದ್ದನ್ನು ಪ್ರತಿಭಟಿಸಿ 1943ರಲ್ಲಿ ಕೆಲಸ ಬಿಟ್ಟರು. ಆಗ ಅವರಿಗೆ 52ರ ಆಸುಪಾಸು. ಮರುವರ್ಷವೇ ‘ಜೀವನ’ ಪತ್ರಿಕೆಯ ಹೊಣೆ ಹೊತ್ತು ಎರಡು ದಶಕ ನಡೆಸಿದರು. 1983ರ ಜ್ಞಾನಪೀಠ ತಂದುಕೊಟ್ಟ ‘ಚಿಕವೀರ ರಾಜೇಂದ್ರ’ ಬರೆದದ್ದೂ ಕೆಲಸ ಬಿಟ್ಟ ಮೇಲೆಯೇ. ತೀರಿಕೊಂಡದ್ದು 1986ರಲ್ಲಿ. ಅಂದರೆ ರಾಜೀನಾಮೆಯ ನಂತರ 43 ವರ್ಷ! ಲೆಕ್ಕ ಹಾಕುವಾಗ ಯಾರಿಗೂ ಇಷ್ಟು ದೊಡ್ಡ ಆಯಸ್ಸು ಹೊಳೆಯುವುದಿಲ್ಲ. ಇನ್ನೊಂದು ಮಾತು: ಸಿಟ್ಟು ಮಾಸ್ತಿಯವರಿಗೂ ಇತ್ತು, ಆದರೆ ಮಾಡುವ ಕೆಲಸ ಮನೆಯಲ್ಲಿ ಮೊದಲೇ ಕಾದು ಕೂತಿತ್ತು. ನನ್ನ ಗೆಳೆಯನನ್ನು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಏನು ಮಾಡುತ್ತೀಯ ಎಂದು ಕೇಳಿದರೆ, "ಮಲಗ್ತೀನಿ" ಅಂದ. ಮೊದಲ ಆರು ತಿಂಗಳಿಗೆ ಅದು ಒಳ್ಳೆಯ ಉತ್ತರವೇ.

ಕೆದಕುತ್ತ ಹೋದಾಗ ಗೊತ್ತಾದದ್ದು ಇಷ್ಟು: ಕೋಡ್ ಬರೆಯುವುದು ಅವನಿಗೆ ಈಗಲೂ ಇಷ್ಟ. ಆರು ವರ್ಷದ ಹಿಂದೆ ಬಡ್ತಿ ಕೊಟ್ಟು ಹದಿನೆಂಟು ಜನರ ತಲೆ ಎಣಿಸಲು ಕೂರಿಸಿದರಲ್ಲ, ಅಲ್ಲಿಂದ ಶುರುವಾಗಿದೆ ಈ ಭಾನುವಾರದ ಸಂಕಟ. ಈಗ ಸಣ್ಣ ಕಂಪನಿಯೊಂದರಲ್ಲಿ ಮ್ಯಾನೇಜರಲ್ಲದ ಕೆಲಸಕ್ಕೆ ಮಾತಾಡುತ್ತಿದ್ದಾನೆ. ಸಂಬಳ ಮೂರನೇ ಎರಡು ಭಾಗ. ಅಷ್ಟರಲ್ಲಿ ಮನೆ ನಡೆದರೆ, ಗಂಟಿಗೆ ಕೈ ಹಾಕದೆ ಅದನ್ನು ಇನ್ನೂ ಹತ್ತು ವರ್ಷ ಬೆಳೆಯಲು ಬಿಡಬಹುದು. ಇಂಥ ಅರ್ಧ ನಿವೃತ್ತಿಯ ಬಗ್ಗೆ ನಮ್ಮಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ, ಬಹುಶಃ ನಾಲ್ಕು ಜನರ ಮುಂದೆ ಹುದ್ದೆ ಇಳಿಯಿತು ಎನ್ನಬೇಕಲ್ಲ ಎಂಬ ಸಂಕೋಚಕ್ಕೆ.

ನಿಮ್ಮ ಡೈರಿಯ ಕೊನೇ ಪುಟದಲ್ಲೂ ಇಂಥದೊಂದು ಲೆಕ್ಕ ಇದ್ದರೆ, ರಾಜೀನಾಮೆ ಬರೆಯುವ ಮುಂಚೆ ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ. ಪೆನ್ಸಿಲ್ ಮಾತ್ರ ಮನೆಯವರ ಕೈಗೆ ಕೊಡಿ.