ಹರಕೆಯ ಮೆಟ್ಟಿಲುಗಳಲ್ಲಿ ಭರವಸೆ

ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು 1933ರಲ್ಲಿ ಅಸ್ತಿಭಾರ ಶಿಲೆಯನ್ನಿಟ್ಟ ಮೈಸೂರಿನ ನಮ್ಮ ಪ್ರಧಾನಾಲಯಕ್ಕೆ ಸಂತ ಜೋಸೆಫರ ಹೆಸರೂ ಉಂಟು, ಸಂತ ಫಿಲೋಮಿನಾರ ಹೆಸರೂ ಉಂಟು. ಜನರ ಬಾಯಲ್ಲಿ ಉಳಿದಿರುವುದು ಎರಡನೆಯದು. ಪವಿತ್ರ ಅವಶೇಷವಿರುವ ಅಲ್ಲಿನ ನೆಲಮಾಳಿಗೆಗೆ ಇಳಿದುಬರುವವರಲ್ಲಿ ಕ್ರೈಸ್ತರಲ್ಲದವರೂ ಅನೇಕರು. ಮೇಣದಬತ್ತಿ ಹಚ್ಚಿ ಅವರು ಬೇಡುವುದು ಕಾಯಿಲೆ ವಾಸಿಯಾಗಲಿ, ಮಡಿಲು ತುಂಬಲಿ, ಮಗನಿಗೆ ಕೆಲಸ ಸಿಗಲಿ, ಸಾಲ ತೀರಲಿ ಎಂದು. 1961ರಲ್ಲಿ ರೋಮಿನ ಆರಾಧನಾ ವಿಧಿಗಳ ಮಂಡಳಿಯು ಫಿಲೋಮಿನಾರ ಹಬ್ಬವನ್ನು ಪಂಚಾಂಗಗಳಿಂದ ತೆಗೆಯಲು ಆದೇಶಿಸಿದ ಮೇಲೂ ಈ ಮೆಟ್ಟಿಲುಗಳ ಮೇಲಿನ ನಡಿಗೆ ನಿಂತಿಲ್ಲ. ಇತಿಹಾಸಕಾರರ ಸಂದೇಹಗಳು ಸಂಕಟದಲ್ಲಿರುವವರನ್ನು ತಡೆಯುವುದು ವಿರಳ.

ಈ ಹರಕೆಯ ಭಕ್ತಿಗೆ ಗುರುಗಳಾದ ನಮ್ಮಲ್ಲಿ ಸಿದ್ಧ ಉತ್ತರವೊಂದಿದೆ: ದೇವರು ನಮ್ಮ ಕೋರಿಕೆಗಳಿಗಿಂತ ಆಳವಾದ ಅಗತ್ಯಗಳನ್ನು ಬಲ್ಲರು, ಅವನ್ನೇ ಪೂರೈಸುವರು. ಮಾತು ಸತ್ಯವೇ. ಆದರೆ ಮಗುವಿನ ಜ್ವರ ಇಳಿಯಲೆಂದು ಬಂದ ತಾಯಿಗೆ ‘ನಿನ್ನ ನಿಜವಾದ ಅಗತ್ಯ ಬೇರೆ’ ಎಂದು ಬೋಧಿಸಿದರೆ, ರೊಟ್ಟಿ ಕೇಳಿದವಳ ಕೈಗೆ ಕಲ್ಲು ಕೊಟ್ಟಂತಾಗುತ್ತದೆ (ಮತ್ತಾಯ 7:9). ಆಳವಾದ ಅಗತ್ಯವೆಂಬುದು ಕಣ್ಣೆದುರಿನ ಅಗತ್ಯವನ್ನು ಬಾಯಿ ಮುಚ್ಚಿಸುವ ವಾದವಾಗಬಹುದೇ ಎಂಬುದೇ ಇಲ್ಲಿ ನಮ್ಮ ಪ್ರಶ್ನೆ.

ಕಫೆರ್ನವುಮಿನ ಪಾರ್ಶ್ವವಾಯು ರೋಗಿಯ ಪ್ರಸಂಗವನ್ನು (ಮಾರ್ಕ 2:1-12) ಈ ವಿಷಯಕ್ಕೆ ಪದೇ ಪದೇ ಉದಾಹರಿಸುವುದುಂಟು. ಮಾಳಿಗೆ ಬಿಚ್ಚಿ ಅವನನ್ನು ಇಳಿಸಿದ ನಾಲ್ವರು ಪಾಪಕ್ಷಮೆಯನ್ನು ಕೇಳಿರಲಿಲ್ಲ; ಯೇಸು ಮೊದಲು ನೀಡಿದ್ದು ಅದನ್ನೇ. ನಮ್ಮ ಪ್ರಬೋಧನೆಗಳು ಬಹುಮಟ್ಟಿಗೆ ಇಲ್ಲಿಗೇ ಮುಗಿಯುತ್ತವೆ. ಶುಭಸಂದೇಶ ಮುಗಿಯುವುದಿಲ್ಲ. ಆತ ಎದ್ದು, ತನ್ನ ಹಾಸಿಗೆಯನ್ನು ಎತ್ತಿಕೊಂಡು, ಎಲ್ಲರೆದುರು ನಡೆದುಹೋಗುತ್ತಾನೆ. ಕ್ಷಮಿಸುವ ಅಧಿಕಾರಕ್ಕೆ ಸಾಕ್ಷಿಯಾಗಿ ನಿಂತದ್ದು ಗುಣಹೊಂದಿದ ಆ ಕಾಲುಗಳೇ. ಬಾರ್ತಿಮಾಯನ ಪ್ರಸಂಗದಲ್ಲಿಯಾದರೋ (ಮಾರ್ಕ 10:46-52) ಕುರುಡುತನ ಎದ್ದುಕಾಣುತ್ತಿದ್ದರೂ ಪ್ರಭು ಅವನಿಗೆ ಬೇಕಾದುದೇನೆಂದು ಕೇಳಿದರು. ಸುಮ್ಮನಿರೆಂದು ಜನರು ಗದರಿಸಿದ್ದ ಬಾಯಿಯಿಂದಲೇ ಕೋರಿಕೆ ಹೊರಬರಬೇಕಾಗಿತ್ತು.

ಕೋರಿದ್ದು ದೊರೆಯದಿದ್ದರೆ? ಸಂತ ಪೌಲರು ತಮ್ಮ ಶರೀರದಲ್ಲಿ ನಾಟಿದ ಮುಳ್ಳನ್ನು ತೆಗೆಯಬೇಕೆಂದು ಮೂರು ಬಾರಿ ಬೇಡಿದರು (2 ಕೊರಿಂಥ 12:7-9). ಮುಳ್ಳು ಹೋಗಲಿಲ್ಲ, ಬಲಹೀನತೆಯಲ್ಲೇ ಸಾಕಾಗುವ ವರಪ್ರಸಾದದ ವಾಗ್ದಾನ ಬಂದಿತು. ಈ ವಾಕ್ಯಗಳಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಸಂಗತಿಯೊಂದಿದೆ. ಆ ಮುಳ್ಳಿನ ಅರ್ಥವನ್ನು ಹೇಳುತ್ತಿರುವವರು ಸ್ವತಃ ಪೌಲರು. ಅವರ ಪಕ್ಕದಲ್ಲಿ ಕುಳಿತ ಸ್ನೇಹಿತನೊಬ್ಬ ಅದನ್ನು ವಿವರಿಸಿದ್ದರೆ ಅವನು ಯೋಬನ ಗೆಳೆಯರ ಸಾಲಿಗೆ ಸೇರುತ್ತಿದ್ದನು. ತನ್ನ ಆಳವಾದ ಅಗತ್ಯ ಯಾವುದೆಂಬುದು ಬೇಡುವವನಿಗೆ ಬೇಡುತ್ತ ಬೇಡುತ್ತ ದೇವರಿಂದ ತಿಳಿಯುತ್ತದೆ; ದಡದಲ್ಲಿ ನಿಂತವರು ಅದನ್ನು ಮುಂಚಿತವಾಗಿ ಘೋಷಿಸಲಾಗದು.

ರೋಮಿನ ಪತನದ ನಂತರ ಆಫ್ರಿಕಕ್ಕೆ ಬಂದಿದ್ದ ಪ್ರೋಬಾ ಎಂಬ ವಿಧವೆಗೆ ಸಂತ ಅಗಸ್ಟೀನರು ಸುಮಾರು 412ರಲ್ಲಿ ಪ್ರಾರ್ಥನೆಯ ಕುರಿತು ದೀರ್ಘ ಪತ್ರ ಬರೆದರು. ಕೊನೆಗೂ ಬೇಡಬೇಕಾದುದು ಭಾಗ್ಯಜೀವನವೊಂದನ್ನೇ ಎಂದು ಕಲಿಸಿದ ಅವರು, ಕಷ್ಟಗಳು ತೊಲಗಲೆಂದು ಪ್ರಾರ್ಥಿಸುವುದನ್ನು ಮಾನವ ಸಹಜವೆಂದು ಒಪ್ಪಿದರು. ತೊಲಗದಿದ್ದಾಗ ದೇವರು ತಮ್ಮನ್ನು ಕಡೆಗಣಿಸಿದರೆಂದು ಭಾವಿಸಬಾರದೆಂಬುದಷ್ಟೇ ಅವರ ಕೋರಿಕೆ. ಸಂತ ತೋಮಸ್ ಅಕ್ವಿನಾಸರು ಈ ಪತ್ರವನ್ನೇ ಆಧರಿಸಿ, ಬಯಸಲು ಯೋಗ್ಯವಾದುದು ಬೇಡಲೂ ಯೋಗ್ಯವೆಂದು ನಿರ್ಣಯಿಸುತ್ತಾರೆ. ಪ್ರಭು ಕಲಿಸಿದ ಪ್ರಾರ್ಥನೆಯು ಏನನ್ನು ಬೇಡಬೇಕೆಂಬುದರ ಜೊತೆಗೆ ಬಯಕೆಗಳ ಕ್ರಮವನ್ನೂ ತಿದ್ದುತ್ತದೆಂಬುದು ಅವರ ಇನ್ನೊಂದು ಮಾತು. ಆ ಕ್ರಮವನ್ನು ನೋಡಿರಿ: ದೇವರ ಚಿತ್ತಕ್ಕೂ ಪಾಪಕ್ಷಮೆಗೂ ನಡುವೆ ಅಂದಿನ ಆಹಾರವಿದೆ. ಅದನ್ನು ದಾಟಿಹೋಗುವ ಅನುಮತಿ ನಮಗಿಲ್ಲ.

ಆದುದರಿಂದ ಎರಡು ಬೋಧನೆಗಳು ನಮಗೆ ಸಮಾನವಾಗಿ ಅಪಾಯಕಾರಿಯಾಗಿ ತೋರುತ್ತವೆ. ಗುಣವಾಗದವನಿಗೆ ವಿಶ್ವಾಸ ಸಾಲದೆಂದು ತೀರ್ಪು ಕೊಡುವ ವೇದಿಕೆಗಳ ಬೋಧನೆ ಒಂದು. ಅದನ್ನು ನಾವು ಸುಲಭವಾಗಿ ಖಂಡಿಸುತ್ತೇವೆ. ಬೇಡಿಕೆಯನ್ನೇ ಅಪಕ್ವವೆಂದು ನೋಡುವ ನಮ್ಮದೇ ಬೋಧನೆ ಇನ್ನೊಂದು. ಅದು ಪಾಠಶಾಲೆಯ ಗೋಡೆಗಳೊಳಗೆ ಸದ್ದಿಲ್ಲದೆ ಬೆಳೆಯುತ್ತದೆ. ಧರ್ಮಸಭೆಯ ಅಭ್ಯಂಗ ಸಂಸ್ಕಾರವು ಇವೆರಡನ್ನೂ ಒಪ್ಪದು. ಯಕೋಬರ ಪತ್ರವನ್ನು (5:14-15) ಅನುಸರಿಸಿ ಅದು ರೋಗಿಯ ಹಣೆಗೂ ಕೈಗಳಿಗೂ ತೈಲ ಹಚ್ಚಿ, ದೇಹದ ಚೇತರಿಕೆಯನ್ನೂ ಪಾಪಕ್ಷಮೆಯನ್ನೂ ಒಂದೇ ಉಸಿರಿನಲ್ಲಿ ಕೋರುತ್ತದೆ.

ಪಾಲನಾ ಸೇವೆಗೆ ಹೊರಡುವ ನಮ್ಮ ವಿದ್ಯಾರ್ಥಿಗಳು ಆ ನೆಲಮಾಳಿಗೆಯಲ್ಲಿ ಒಂದು ಮಧ್ಯಾಹ್ನ ಏನನ್ನೂ ಬೋಧಿಸದೆ ಕುಳಿತುಬರಲೆಂಬುದು ನಮ್ಮ ಸಲಹೆ. ಕೋರಿದ್ದು ದೊರೆತವರು ಕೃತಜ್ಞತೆಗೆ ಬರುವುದು ಸಹಜ. ದೊರೆಯದವರೂ ಮತ್ತೆ ಬರುತ್ತಾರೆ. ಅವರು ಮಾತನಾಡಲು ಇಚ್ಛಿಸಿದರೆ, ಏಕೆ ಬಂದಿರೆಂದು ವಿಚಾರಿಸಿ, ಅವರು ಹೇಳಿ ಮುಗಿಸುವವರೆಗೂ ಕೇಳಿಸಿಕೊಳ್ಳಲಿ.